ಹೃದಯದ ಎಂಆರ್‌ಐ: ರಕ್ತವನ್ನು ಕಪ್ಪಾಗಿಸುವುದು ಹೇಗೆ, ಕಪ್ಪಾಗದಿದ್ದರೆ ಎಲ್ಲಿ ನೋಡಬೇಕು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸ್ಕ್ಯಾನ್ ಸೆಂಟರ್‌ಗಳಲ್ಲಿ ದಿನವಿಡೀ ಬೆನ್ನು, ಮಂಡಿ, ತಲೆಯ ಕೇಸುಗಳೇ ಓಡುತ್ತಿರುತ್ತವೆ. ಹೃದಯದ ಕೇಸು ಅಪರೂಪಕ್ಕೆ ಬರುತ್ತದೆ. ಬಂದಾಗ ಸಿನಿ (ಬಡಿಯುವ ಹೃದಯವನ್ನು ಚಲನಚಿತ್ರದಂತೆ ತೋರಿಸುವ) ಚಿತ್ರಗಳು ಹೇಗೋ ಮುಗಿಯುತ್ತವೆ. ಬ್ಲ್ಯಾಕ್ ಬ್ಲಡ್ ಸೀಕ್ವೆನ್ಸ್ (ರಕ್ತವನ್ನು ಕಪ್ಪಾಗಿಸುವ ಸ್ಕ್ಯಾನ್ ಕ್ರಮ) ಶುರು ಮಾಡಿದ ಮೇಲೆ ತಾಪತ್ರಯ: ರಕ್ತ ಕಪ್ಪಾಗುವ ಬದಲು ಬೂದು ಬೂದಾಗಿ ಉಳಿಯುತ್ತದೆ, ಇಲ್ಲವೇ ರಕ್ತದ ಜೊತೆ ಹೃದಯದ ಗೋಡೆಯೇ ಮಾಯವಾಗುತ್ತದೆ. ಗೋಡೆಯಲ್ಲಿ ಊತ ಇದೆಯೇ, ಬಲ ಹೃತ್ಕುಕ್ಷಿಯ ಗೋಡೆಗೆ ಕೊಬ್ಬು ಸೇರಿದೆಯೇ, ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ದಪ್ಪಗಾಗಿದೆಯೇ, ಮಹಾಪಧಮನಿಯ ಗೋಡೆ ಊದಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಒಳಗಿನ ರಕ್ತ ಕಪ್ಪಾಗಲೇಬೇಕು. ಇಲ್ಲಿರುವ ಅಂಕಿಗಳು 1.5 ಟೆಸ್ಲಾ ಮೆಷೀನಿಗೆ ಲೆಕ್ಕ ಹಾಕಿದವು. 3 ಟೆಸ್ಲಾಗೆ ಎಲ್ಲಿ ಬದಲಾಗುತ್ತದೆ ಎಂಬುದನ್ನು ಆಯಾ ಕಡೆ ಹೇಳಿದೆ.

ಎರಡು ಪಲ್ಸ್‌ಗಳ ಆಟ

ಹೆಚ್ಚು ಬಳಕೆಯಲ್ಲಿರುವುದು ಡಬಲ್ ಇನ್ವರ್ಷನ್ ರಿಕವರಿ, ಚಿಕ್ಕದಾಗಿ ಡಬಲ್ ಐಆರ್. 1991ರಲ್ಲಿ ಎಡೆಲ್‌ಮನ್ ತಂಡ ಈ ದಾರಿ ತೋರಿಸಿತು. 1996ರಲ್ಲಿ ಸಿಮೊನೆಟ್ಟಿ ತಂಡ ಕೊಬ್ಬನ್ನೂ ಅಳಿಸಲು ಮೂರನೆಯ ಪಲ್ಸ್ ಸೇರಿಸಿತು. ಇಸಿಜಿಯ ಆರ್ ಅಲೆ (ಹೃದಯ ಹಿಂಡಲು ಶುರುಮಾಡುವ ಹೊತ್ತಿನ ಚೂಪಾದ ಅಲೆ) ಬಂದ ಕೂಡಲೇ ಮೊದಲ 180 ಡಿಗ್ರಿ ರೇಡಿಯೊ ಪಲ್ಸ್ ಕಾಯಿಲ್ ವ್ಯಾಪ್ತಿಯ ಎಲ್ಲದರ ಕಾಂತತ್ವವನ್ನೂ ತಲೆಕೆಳಗು ಮಾಡುತ್ತದೆ. ಬೆನ್ನಿಗೇ ಬರುವ ಎರಡನೆಯ 180, ಚಿತ್ರ ಬೇಕಾದ ತೆಳು ಪದರವನ್ನು, ಅಂದರೆ ಸ್ಲೈಸನ್ನು, ಮಾತ್ರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಈಗ ಸ್ಲೈಸಿನೊಳಗಿನ ಸ್ನಾಯು ಎಂದಿನಂತಿದೆ, ಹೊರಗಿನ ರಕ್ತ ತಲೆಕೆಳಗಾಗಿದೆ. ಹೃದಯ ಒಮ್ಮೆ ಹಿಂಡಿ ಬಿಟ್ಟಾಗ ಸ್ಲೈಸಿನಲ್ಲಿದ್ದ ರಕ್ತ ಹೊರಹೋಗಿ ಹೊರಗಿನದು ಒಳಬರುತ್ತದೆ. ಹಾಗೆ ಬಂದ ರಕ್ತದ ಸಿಗ್ನಲ್ ಕೆಳಗಿನಿಂದ ಮೇಲೇರುತ್ತಾ ಸೊನ್ನೆ ದಾಟುವ ಗಳಿಗೆಯಲ್ಲಿ ಟರ್ಬೊ ಸ್ಪಿನ್ ಎಕೊ (ಒಂದು ಸಲಕ್ಕೆ ಹಲವು ಎಕೊ, ಅಂದರೆ ಮರುಸಿಗ್ನಲ್, ಹಿಡಿಯುವ ವಿಧಾನ) ಚಿತ್ರ ಹಿಡಿಯುತ್ತದೆ. ಆ ಗಳಿಗೆಯವರೆಗಿನ ಕಾಯುವಿಕೆಯೇ ಟಿಐ (ಇನ್ವರ್ಷನ್ ಟೈಮ್).

ಹಾಗಾಗಿ ರಕ್ತ ಕಪ್ಪಾಗಬೇಕಾದರೆ ಎರಡು ಕೆಲಸ ಆಗಬೇಕು. ಹಳೆಯ ರಕ್ತ ಸ್ಲೈಸ್ ಬಿಟ್ಟು ಹೋಗಿರಬೇಕು, ಹೊಸ ರಕ್ತ ಸೊನ್ನೆಯಲ್ಲಿರಬೇಕು. ಚಿತ್ರ ಕೆಟ್ಟರೆ ಬಹುತೇಕರು ಮೊದಲು ಕೈ ಹಾಕುವುದು ಎರಡನೆಯದಕ್ಕೆ, ಅಂದರೆ ಟಿಐಗೆ. ತಪ್ಪು ಹೆಚ್ಚಾಗಿ ಇರುವುದು ಮೊದಲನೆಯದರಲ್ಲಿ.

ಇದನ್ನು ಲೆಕ್ಕದಲ್ಲೇ ನೋಡಬಹುದು. ರಕ್ತದ ಟಿ1 (ತಲೆಕೆಳಗಾದ ಸಿಗ್ನಲ್ ಎಷ್ಟು ಬೇಗ ಮರಳುತ್ತದೆಂಬ ಅಳತೆ) ಸುಮಾರು 1440 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ಸೊನ್ನೆಯ ಹತ್ತಿರ ಟಿಐ 50 ಮಿ.ಸೆ. ತಪ್ಪಿದರೂ ಮರಳುವ ಸಿಗ್ನಲ್ 3ರಿಂದ 4 ಶೇಕಡಾ ಅಷ್ಟೆ. ಅದು ಕಣ್ಣಿಗೆ ಕಾಣುವುದೇ ಕಷ್ಟ. ಸ್ಲೈಸ್ ಬಿಟ್ಟು ಹೋಗದೆ ನಿಂತ ರಕ್ತ ಎರಡೂ ಪಲ್ಸ್ ತಿಂದಿರುತ್ತದೆ, ಅದರ ಸಿಗ್ನಲ್ ಹೆಚ್ಚುಕಡಿಮೆ ಪೂರ್ತಿ ಉಳಿದಿರುತ್ತದೆ. ಪರದೆಯಲ್ಲಿ ರಕ್ತ ಬೆಳ್ಳಗೆ ಹೊಳೆಯುತ್ತಿದ್ದರೆ ಟಿಐ ತಿರುಗಿಸುತ್ತಾ ಕೂರಬೇಡಿ. ಟ್ರಿಗರ್ (ಇಸಿಜಿ ನೋಡಿ ಮೆಷೀನ್ ಪಲ್ಸ್ ಶುರುಮಾಡುವ ಗುರುತು) ನೋಡಿ, ಆಮೇಲೆ ಪಲ್ಸಿನ ದಪ್ಪ ನೋಡಿ.

ಟೇಬಲ್ ಮೇಲೆ ಮಲಗಿಸುವ ಮುಂಚೆ

ಮಾಂಗಲ್ಯ, ಕಾಲುಂಗುರ, ಮೂಗುತಿ ತೆಗೆಸುವುದನ್ನು ಯಾರೂ ಮರೆಯುವುದಿಲ್ಲ. ಬಿಟ್ಟುಹೋಗುವುದು ಉಡುದಾರ ಮತ್ತು ಅದಕ್ಕೆ ಕಟ್ಟಿದ ತಾಯಿತ. ಕೇಳಿ ತೆಗೆಸಿ. ಎದೆಯ ಮೇಲಿನ ಎಣ್ಣೆ, ಪೌಡರ್, ವಿಭೂತಿ, ಅರಿಶಿನವನ್ನು ಸ್ಕಿನ್ ಪ್ರೆಪ್ ಜೆಲ್ ಹಚ್ಚಿದ ಗಾಜ್‌ನಿಂದ ಉಜ್ಜಿ ಒರೆಸಿ, ಒಣಗಿದ ಮೇಲೆ ಎಲೆಕ್ಟ್ರೋಡ್ ಅಂಟಿಸಿ. ಕೂದಲಿದ್ದರೆ ಬೋಳಿಸಲೇಬೇಕು. ನಾಲ್ಕು ಎಲೆಕ್ಟ್ರೋಡ್‌ಗಳೂ ಎದೆಯ ಎಡಭಾಗದಲ್ಲಿ ಒಂದಕ್ಕೊಂದು ಹತ್ತಿರವಿರಲಿ. ವೈರ್ ಸುರುಳಿ ಸುತ್ತದೆ ನೇರವಾಗಿ ಹೋಗಲಿ, ಸುರುಳಿಯಾದರೆ ಚರ್ಮ ಸುಡುವ ಅಪಾಯವಿದೆ.

ಹೊರಗೆ ಚೆನ್ನಾಗಿದ್ದ ಇಸಿಜಿ ಮೆಷೀನಿನೊಳಗೆ ಕೆಡುತ್ತದೆ. ಕಾಂತಕ್ಷೇತ್ರದಲ್ಲಿ ಹರಿಯುವ ರಕ್ತವೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸುವುದರಿಂದ ಟಿ ಅಲೆ ಆರ್ ಅಲೆಯಷ್ಟೇ ಎತ್ತರಕ್ಕೆ ಏಳಬಹುದು. 75 ಇದ್ದ ಹಾರ್ಟ್‌ರೇಟ್ ಪರದೆಯಲ್ಲಿ 150 ತೋರಿಸಿದರೆ ಮೆಷೀನ್ ಎರಡೂ ಅಲೆಗಳನ್ನು ಎಣಿಸುತ್ತಿದೆ ಎಂದರ್ಥ. ಸಂಖ್ಯೆ ಸರಿಯಿದ್ದರೂ ಸಾಲದು, ಟ್ರಿಗರ್ ಗುರುತು ಚೂಪಾದ ಅಲೆಯ ಮೇಲೆ ಕೂತಿದೆಯೇ, ಆಮೇಲಿನ ದುಂಡು ಗುಡ್ಡದ ಮೇಲೆಯೇ ಎಂದು ಕಣ್ಣಲ್ಲಿ ನೋಡಿ. ಗುಡ್ಡದ ಮೇಲೆ ಟ್ರಿಗರ್ ಬಿದ್ದರೆ ಹಿಂಡುವಿಕೆ ಮುಗಿದ ಮೇಲೆ ಪಲ್ಸ್ ಬೀಳುತ್ತದೆ. ರಕ್ತವನ್ನು ಹೊರಗೆ ತಳ್ಳುವ ಮುಖ್ಯ ಬಡಿತ ಅಷ್ಟರಲ್ಲಿ ಆಗಿಹೋಗಿರುತ್ತದೆ.

ಇಸಿಜಿ ಸಿಗದಿದ್ದಾಗ ಬೆರಳಿಗೆ ಪಲ್ಸ್ ಕ್ಲಿಪ್ ಹಾಕಿ ಮುಗಿಸುವ ಅಭ್ಯಾಸವೊಂದಿದೆ. ಸಿನಿಗೆ ಅದು ನಡೆಯುತ್ತದೆ, ಡಬಲ್ ಐಆರ್‌ಗೆ ನಡೆಯದು. ಬೆರಳಿಗೆ ನಾಡಿ ತಲುಪುವಷ್ಟರಲ್ಲಿ ಆರ್ ಅಲೆ ಬಂದು ಕೆಲವು ನೂರು ಮಿ.ಸೆ. ಕಳೆದಿರುತ್ತದೆ. ಮೇಲೆ ಹೇಳಿದ ಎಡವಟ್ಟೇ ಮತ್ತೆ. ಎಲೆಕ್ಟ್ರೋಡ್ ಕಿತ್ತು ಜಾಗ ಬದಲಿಸಿ ಅಂಟಿಸುವುದೇ ಮೇಲು.

ಉಸಿರು ಹಿಡಿಸುವುದು

160 ಸಾಲುಗಳ ಚಿತ್ರ, ಟರ್ಬೊ ಫ್ಯಾಕ್ಟರ್ (ಒಂದು ಸಲಕ್ಕೆ ಹಿಡಿಯುವ ಸಾಲುಗಳು) 20, ಎರಡು ಬಡಿತಕ್ಕೊಮ್ಮೆ ಟ್ರಿಗರ್ ಎಂದುಕೊಳ್ಳಿ. 160ನ್ನು 20ರಿಂದ ಭಾಗಿಸಿದರೆ 8 ಸಲ, ಅಂದರೆ 16 ಬಡಿತ. ಹಾರ್ಟ್‌ರೇಟ್ 75 ಇದ್ದರೆ 12.8 ಸೆಕೆಂಡ್, ಜೊತೆಗೆ ಒಂದೆರಡು ಡಮ್ಮಿ (ಚಿತ್ರ ಹಿಡಿಯದ) ಬಡಿತ. ಹದಿನಾಲ್ಕು ಸೆಕೆಂಡ್ ಉಸಿರು ಹಿಡಿಯುವುದು ಆರೋಗ್ಯವಂತರಿಗೆ ಸುಲಭ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ದುಡಿದು ಸಿಲಿಕೋಸಿಸ್ ಅಂಟಿಸಿಕೊಂಡ ಹಿರಿಯರಿಗೆ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಕೆಲಸದಲ್ಲಿ ಉಬ್ಬಸ ಬಂದವರಿಗೆ ಅದು ಸುಲಭವಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು, ಪಕ್ಕೆಲುಬು ಬಿಗಿದುಕೊಂಡವರಿಗೆ ಅಂಗಾತ ಮಲಗುವುದೇ ಕಷ್ಟ. ಮಂಡಿಯ ಕೆಳಗೆ ದಿಂಬು ಕೊಡಿ.

ಮಲಗಿಸುವ ಮುಂಚೆ ಹೊರಗೇ ಎರಡು ಸಲ ಅಭ್ಯಾಸ ಮಾಡಿಸಿ: "ಉಸಿರು ಒಳಗೆ ಎಳ್ಕೊಳ್ಳಿ, ಪೂರ್ತಿ ಬಿಡಿ, ಹಾಗೇ ತಡೀರಿ." ಗಡಿ ತಾಲ್ಲೂಕುಗಳಿಂದ ಬಂದ ತೆಲುಗಿನವರಿಗೆ "ಊಪಿರಿ ಪೀಲ್ಚಂಡಿ, ವದಲಂಡಿ, ಅಟ್ಲಾನೇ ಆಪಂಡಿ" ಎಂದರೆ ಕೆಲಸ ಸಲೀಸು. ಮೆಷೀನಿನ ರೆಕಾರ್ಡೆಡ್ ಇಂಗ್ಲಿಷ್ ದನಿಯನ್ನು ಆಫ್ ಮಾಡಿ. ಉಸಿರು ಬಿಟ್ಟು ತಡೆಯುವುದೇ ಒಳ್ಳೆಯದು. ಎಳೆದು ತಡೆದರೆ ವಪೆ ಪ್ರತಿ ಸಲ ಬೇರೆ ಎತ್ತರದಲ್ಲಿ ನಿಲ್ಲುತ್ತದೆ, ಸ್ಲೈಸ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಅಷ್ಟೂ ಆಗದವರಿಗೆ ಪ್ಯಾರಲಲ್ ಇಮೇಜಿಂಗ್ (ಕೆಲವು ಸಾಲು ಮಾತ್ರ ಹಿಡಿದು ಉಳಿದದ್ದನ್ನು ಲೆಕ್ಕದಿಂದ ತುಂಬುವುದು) 2 ಹಾಕಿದರೆ ಸಮಯ ಅರ್ಧಕ್ಕಿಳಿಯುತ್ತದೆ. ಅದೂ ಸಾಧ್ಯವಿಲ್ಲದಿದ್ದರೆ ಒಂದೇ ಬಡಿತದಲ್ಲಿ ಒಂದು ಸ್ಲೈಸ್ ಮುಗಿಸುವ ಸಿಂಗಲ್ ಶಾಟ್. ಚಿತ್ರ ಕೊಂಚ ಮಸುಕಾದರೂ ಕೈಗೆ ಏನಾದರೂ ಸಿಗುತ್ತದೆ.

ಟಿಐ ಎಷ್ಟು ಇಡಬೇಕು

ಟಿಐ ರಕ್ತದ ಟಿ1 ಒಂದನ್ನೇ ನಂಬಿಕೊಂಡಿಲ್ಲ. ಎಷ್ಟು ಬಡಿತಕ್ಕೊಮ್ಮೆ ಪಲ್ಸ್ ಬೀಳುತ್ತದೆ ಎಂಬುದನ್ನೂ ಅವಲಂಬಿಸಿದೆ. ಎರಡು ಬಡಿತಕ್ಕೊಮ್ಮೆ ಟ್ರಿಗರ್ ಇಟ್ಟಾಗ ಸೊನ್ನೆ ಬೀಳುವ ಜಾಗ ಹೀಗೆ: ಹಾರ್ಟ್‌ರೇಟ್ 50 ಇದ್ದರೆ ಸುಮಾರು 750 ಮಿ.ಸೆ., 60ಕ್ಕೆ 680, 75ಕ್ಕೆ 590, 100ಕ್ಕೆ 480. 3 ಟೆಸ್ಲಾದಲ್ಲಿ ರಕ್ತದ ಟಿ1 1650ರ ಆಸುಪಾಸಿಗೆ ಏರುವುದರಿಂದ 75ರ ಬಡಿತಕ್ಕೆ 615ರ ಹತ್ತಿರ. ರಕ್ತಹೀನತೆ ಇರುವವರಲ್ಲೂ ಟಿ1 ಕೊಂಚ ಏರುತ್ತದೆ. ಅದರಿಂದ ಟಿಐ ಸರಿಯುವುದು ಹತ್ತಿಪ್ಪತ್ತು ಮಿ.ಸೆ. ಮಾತ್ರ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ಅಂಕಿಗಳಲ್ಲಿ ಒಂದು ಅದೃಷ್ಟವಿದೆ. ಸೊನ್ನೆ ಬೀಳುವ ಹೊತ್ತಿಗೆ ಸರಿಯಾಗಿ ಹೃದಯ ಡಯಾಸ್ಟೊಲಿಯ (ಹೃದಯ ಸಡಿಲಾಗಿ ತುಂಬಿಕೊಳ್ಳುವ ಹೊತ್ತಿನ) ನಡುವೆ ನಿಶ್ಚಲವಾಗಿರುತ್ತದೆ. ಇದನ್ನು ಸಿನಿಯಲ್ಲೇ ಪರೀಕ್ಷಿಸಿ. ಬಡಿತದ ಅಂತರ 800 ಮಿ.ಸೆ., ಸಿನಿಯಲ್ಲಿ 25 ಫ್ರೇಮ್ ಇದ್ದರೆ ಒಂದೊಂದು ಫ್ರೇಮ್ 32 ಮಿ.ಸೆ. ಗೋಡೆ 17ರಿಂದ 22ನೇ ಫ್ರೇಮ್‌ವರೆಗೆ ಅಲುಗದೆ ನಿಂತಿದ್ದರೆ ನಿಮಗೆ ಸಿಕ್ಕಿರುವ ಕಿಟಕಿ 544ರಿಂದ 704. ಟಿಐ 590ಕ್ಕೆ ಓದಲು ಶುರುಮಾಡಿ, ಎಕೊಗಳ ನಡುವೆ 5 ಮಿ.ಸೆ.ನಂತೆ 20 ಎಕೊ ಹಿಡಿದರೆ 690ಕ್ಕೆ ಮುಗಿಯುತ್ತದೆ. ಕಿಟಕಿಯೊಳಗೇ ಕೆಲಸ ಆಯಿತು. ಟರ್ಬೊ ಫ್ಯಾಕ್ಟರ್ 30 ಮಾಡಿ ಸಮಯ ಉಳಿಸಲು ಹೊರಟರೆ ಕೊನೆಯ ಎಕೊಗಳು ಹೃತ್ಕರ್ಣ ಹಿಂಡುವ ಹೊತ್ತಿಗೆ ಬಿದ್ದು ಗೋಡೆಯ ಅಂಚು ಕದಡುತ್ತದೆ.

ಟಿ1 ವೇಟೆಡ್ (ಅಂಗಾಂಶಗಳ ಟಿ1 ವ್ಯತ್ಯಾಸವನ್ನು ಎತ್ತಿ ತೋರಿಸುವ) ಚಿತ್ರಕ್ಕೆ ಪ್ರತಿ ಬಡಿತಕ್ಕೂ ಟ್ರಿಗರ್ ಇಡುವುದು ರೂಢಿ. ಅಲ್ಲೊಂದು ಕೊಕ್ಕೆ ಇದೆ. 75ರ ಬಡಿತದಲ್ಲಿ ಸೊನ್ನೆ 345 ಮಿ.ಸೆ.ಗೇ ಬಂದುಬಿಡುತ್ತದೆ, ಆಗ ಗೋಡೆ ಇನ್ನೂ ಓಡಾಡುತ್ತಿರುತ್ತದೆ. ಗೋಡೆ ನಿಲ್ಲಲೆಂದು 550ರವರೆಗೆ ಕಾದರೆ ರಕ್ತದ ಸಿಗ್ನಲ್ 13 ಶೇಕಡಾ ಮರಳಿರುತ್ತದೆ. ಟಿ1 ಚಿತ್ರದಲ್ಲಿ ರಕ್ತ ಬೂದಾಗಿ ಬರಲು ಇದೊಂದು ಕಾರಣ. ಗಡ್ಡೆಯ ಆಕಾರ ನೋಡುವುದಕ್ಕೆ ಅಷ್ಟು ಬೂದು ಪರವಾಗಿಲ್ಲ. ತೆಳುವಾದ ಬಲ ಹೃತ್ಕುಕ್ಷಿಯ ಗೋಡೆ ನೋಡಬೇಕಿದ್ದರೆ ಎರಡು ಬಡಿತಕ್ಕೆ ಹೋಗಿ. ಟಿ1 ಕಾಂಟ್ರಾಸ್ಟ್ ಸ್ವಲ್ಪ ಕಳೆದುಕೊಂಡರೂ ಗೋಡೆಯ ಅಂಚು ಸಿಗುತ್ತದೆ.

ಬಹಳಷ್ಟು ಮೆಷೀನ್‌ಗಳು ಟಿಐಯನ್ನು ತಾವೇ ಲೆಕ್ಕ ಹಾಕುತ್ತವೆ. ಆ ಲೆಕ್ಕ ಪ್ಲಾನ್ ಮಾಡುವಾಗ ಹಿಡಿದಿಟ್ಟ ಬಡಿತದ ಅಂತರದ ಮೇಲೆ ನಿಂತಿರುತ್ತದೆ. ರೋಗಿ ಭಯದಲ್ಲಿದ್ದಾಗ 95 ಇದ್ದ ಬಡಿತ ಅರ್ಧ ಗಂಟೆಯಲ್ಲಿ 72ಕ್ಕೆ ಇಳಿದಿರಬಹುದು. ಪ್ರತಿ ಬ್ಲ್ಯಾಕ್ ಬ್ಲಡ್ ಸೀಕ್ವೆನ್ಸ್‌ಗೂ ಮುಂಚೆ ಬಡಿತವನ್ನು ಹೊಸದಾಗಿ ಕ್ಯಾಪ್ಚರ್ ಮಾಡಿ.

ಎರಡನೆಯ ಪಲ್ಸಿನ ದಪ್ಪ

ಸೀಕ್ವೆನ್ಸ್ ಕಾರ್ಡಿನಲ್ಲಿ ಡಾರ್ಕ್ ಬ್ಲಡ್ ಥಿಕ್‌ನೆಸ್ ಎಂದೋ ಅಂಥದೇ ಹೆಸರಿನಲ್ಲೋ ಇರುವ ಈ ಅಂಕಿಯನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಚಿತ್ರ ಕೆಡಿಸುವುದೂ ಸುಧಾರಿಸುವುದೂ ಇದೇ.

ಮೊದಲ ಪಲ್ಸ್ ಬಿದ್ದಾಗ ಹೃದಯ ಪೂರ್ತಿ ಹಿಗ್ಗಿದೆ. ಓದುವಾಗ ಡಯಾಸ್ಟೊಲಿಯ ನಡುವಿನಲ್ಲಿದೆ, ಹೃತ್ಕರ್ಣದ ಕೊನೆಯ ತಳ್ಳು ಇನ್ನೂ ಬಂದಿಲ್ಲ. ಆದ್ದರಿಂದ ಬುಡದ (ಕವಾಟಗಳಿರುವ) ಕಡೆಯ ಸ್ನಾಯು ತಾನು ಮೊದಲಿದ್ದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಹಿಂದೆಯೇ ಉಳಿದಿರುತ್ತದೆ. ಎರಡನೆಯ ಪಲ್ಸ್ ಸ್ಲೈಸಿನಷ್ಟೇ ದಪ್ಪವಿದ್ದರೆ ನೆಟ್ಟಗೆ ನಿಲ್ಲಿಸಿದ ಸ್ನಾಯು ಪಕ್ಕಕ್ಕೆ ಸರಿದು, ತಲೆಕೆಳಗಾದ ಸ್ನಾಯು ಸ್ಲೈಸಿಗೆ ಬಂದು ಗೋಡೆಯೂ ಕಪ್ಪಾಗುತ್ತದೆ. ಬುಡದ ಸ್ಲೈಸ್‌ಗಳಲ್ಲಿ ಗೋಡೆಯ ಒಂದು ಭಾಗ ತಿಂದುಹೋದಂತೆ ಕಂಡರೆ ಕಾರಣ ಇದು. ತೀರಾ ದಪ್ಪ ಮಾಡಿದರೆ ರಕ್ತಕ್ಕೆ ಹೊರಹೋಗಲು ದೂರ ಹೆಚ್ಚಾಗುತ್ತದೆ.

ಲೆಕ್ಕ ಸರಳ: ಸ್ಲೈಸ್ ದಪ್ಪ ಮತ್ತು ಪಲ್ಸ್ ದಪ್ಪ ಕೂಡಿಸಿ ಅರ್ಧ ಮಾಡಿದರೆ ರಕ್ತ ದಾಟಬೇಕಾದ ದೂರ. ಸ್ಲೈಸ್ 8 ಮಿ.ಮೀ., ಪಲ್ಸ್ 16 ಇದ್ದರೆ 12 ಮಿ.ಮೀ. ಅದನ್ನು 550 ಮಿ.ಸೆ.ನಲ್ಲಿ ದಾಟಲು ಸೆಕೆಂಡಿಗೆ 2.2 ಸೆಂ.ಮೀ. ವೇಗ ಸಾಕು. ಪಲ್ಸ್ 24 ಮಾಡಿದರೆ 2.9 ಬೇಕು. ಆರೋಗ್ಯವಂತ ಹೃದಯದಲ್ಲಿ ಇದು ಲೆಕ್ಕಕ್ಕೇ ಬಾರದ ವೇಗ. ಹಿಗ್ಗಿ ಸೋತ ಹೃದಯದ ತುದಿಯಲ್ಲಿ ಅಷ್ಟೂ ಸಿಗುವುದಿಲ್ಲ. ಸ್ಲೈಸಿನ ಎರಡರಷ್ಟರಿಂದ ಶುರುಮಾಡಿ. ಊತ ನೋಡುವ ಟಿ2 (ನೀರಿನಂಶವನ್ನು ಬೆಳ್ಳಗೆ ತೋರಿಸುವ) ಚಿತ್ರಗಳಲ್ಲಿ, ಬುಡದ ಸ್ಲೈಸ್‌ಗಳಿಗೆ, ಎಡ ಹೃತ್ಕುಕ್ಷಿ ಉದ್ದದಲ್ಲಿ ಎಷ್ಟು ಕುಗ್ಗುತ್ತದೋ ಅದಕ್ಕಿಂತ ಪಲ್ಸ್ ದಪ್ಪವಿರಲಿ. ಸಿನಿಯ ಉದ್ದನೆಯ ನೋಟದಲ್ಲಿ ಕವಾಟದ ಉಂಗುರ ಎಷ್ಟು ಇಳಿಯುತ್ತದೆಂದು ಅಳೆದರೆ ಅದು ಸಿಗುತ್ತದೆ, ಸಾಮಾನ್ಯವಾಗಿ 12ರಿಂದ 15 ಮಿ.ಮೀ. ತುದಿಯ ಸ್ಲೈಸ್‌ಗಳಿಗೆ ಕಡಿಮೆ ಮಾಡಿ. ಎಲ್ಲಕ್ಕೂ ಒಂದೇ ಅಂಕಿ ಇಟ್ಟು ಬುಡದಿಂದ ತುದಿಯವರೆಗೆ ಓಡಿಸುವುದು ಸೋಮಾರಿತನ.

ಒಳ ಅಂಚಿನ ಬಿಳಿ ಗೆರೆ

ಟಿ2 ಸ್ಟರ್ ಚಿತ್ರದಲ್ಲಿ, ಅಂದರೆ ಕೊಬ್ಬಳಿಸುವ ಮೂರನೆಯ ಪಲ್ಸ್ ಇರುವ ಟ್ರಿಪಲ್ ಐಆರ್‌ನಲ್ಲಿ, ಗೋಡೆಯ ಒಳ ಅಂಚಿಗೆ ಬೆಳ್ಳಗೊಂದು ಗೆರೆ ಕಂಡರೆ ಎರಡು ಅರ್ಥ ಸಾಧ್ಯ. ಒಂದು, ಹೃದಯಾಘಾತದಿಂದಾದ ಊತ. ಇನ್ನೊಂದು, ಗೋಡೆಯ ಒಳಮೈಯ ಸ್ನಾಯು ಎಳೆಗಳ ನಡುವೆ ನಿಂತ ರಕ್ತ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದು ನೀರು ಭೋರ್ಗರೆದರೂ ದಡದ ಜೊಂಡಿನ ನಡುವಿನ ನೀರು ಅಲ್ಲೇ ನಿಂತಿರುತ್ತದೆ. ಇಲ್ಲೂ ಹಾಗೆಯೇ. ಎರಡನ್ನೂ ಬೇರೆ ಮಾಡದೆ ಟೇಬಲ್ ಇಳಿಸಬೇಡಿ.

ಮೊದಲು ಅಳತೆ. ಸಿನಿಯಲ್ಲಿ ಅದೇ ಸ್ಲೈಸ್, ಅದೇ ಹೊತ್ತಿನ ಫ್ರೇಮ್ ತೆಗೆದು ಗೋಡೆ ಅಳೆಯಿರಿ. ಅಲ್ಲಿ 9 ಮಿ.ಮೀ. ಇದೆ ಎನ್ನಿ. ಸ್ಟರ್‌ನಲ್ಲಿ ಬೂದು ಗೋಡೆಯೇ 9 ಮಿ.ಮೀ. ಇದ್ದು ಬಿಳಿ ಗೆರೆ ಅದರ ಒಳಗಡೆ ಇನ್ನೂ 2 ಮಿ.ಮೀ. ಇದ್ದರೆ ಆ ಗೆರೆ ರಕ್ತದ್ದು. ಬೂದು 6, ಬಿಳಿ 3 ಸೇರಿ 9 ಆಗುತ್ತಿದ್ದರೆ ಅದು ಗೋಡೆಯೊಳಗಿನದು. ಅನುಮಾನ ಉಳಿದರೆ ಪಲ್ಸ್ ದಪ್ಪ ಇಳಿಸಿ ಅದೇ ಸ್ಲೈಸ್ ಮತ್ತೆ ತೆಗೆಯಿರಿ. ನಿಂತ ರಕ್ತವಾದರೆ ಗೆರೆ ತೆಳ್ಳಗಾಗುತ್ತದೆ ಅಥವಾ ಜಾಗ ಬದಲಿಸುತ್ತದೆ, ಊತವಾದರೆ ಅಲುಗುವುದಿಲ್ಲ. ಅಡ್ಡ ಕೊಯ್ತದಲ್ಲಿ ಕಂಡದ್ದನ್ನು ಉದ್ದ ಕೊಯ್ತದಲ್ಲೂ ನೋಡಬಹುದು. ಆದರೆ ಉದ್ದ ಕೊಯ್ತದಲ್ಲಿ ರಕ್ತ ಸ್ಲೈಸಿನ ಉದ್ದಕ್ಕೇ ಹರಿಯುವುದರಿಂದ ಹೊರಬೀಳುವುದು ನಿಧಾನ, ಹೊಸ ಬಿಳಿ ಗೆರೆಗಳು ಹುಟ್ಟಬಹುದು ಎಂಬ ಎಚ್ಚರವಿರಲಿ. ಟಿ2 ಮ್ಯಾಪಿಂಗ್ (ಟಿ2 ಬೆಲೆಯನ್ನು ಅಂಕಿಯಲ್ಲೇ ಅಳೆಯುವುದು) ಇರುವ ಮೆಷೀನಾದರೆ ಅದನ್ನೂ ಓಡಿಸಿ. ಅಲ್ಲಿ ರಕ್ತ ಕಪ್ಪಾಗಬೇಕಾದ ಗೋಜೇ ಇಲ್ಲ.

ಸ್ಟರ್‌ನ ಮೂರನೆಯ ಪಲ್ಸ್‌ಗೆ 1.5 ಟೆಸ್ಲಾದಲ್ಲಿ ಕೊಬ್ಬಿನ ಟಿಐ 150ರಿಂದ 180 ಮಿ.ಸೆ., ಟಿಇ (ಎಕೊ ಹಿಡಿಯುವವರೆಗಿನ ಕಾಯುವಿಕೆ) 60ರಿಂದ 70. ಎದೆಯ ಕಾಯಿಲ್ ಹತ್ತಿರವಿರುವ ಮುಂದಿನ ಗೋಡೆ ಸುಮ್ಮನೆ ಬೆಳ್ಳಗೆ ಕಾಣುತ್ತದೆ. ಹೊಳಪು ಸಮ ಮಾಡುವ ನಾರ್ಮಲೈಸ್ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಬಾಡಿ ಕಾಯಿಲ್‌ನಲ್ಲೇ ತೆಗೆಯಿರಿ.

ಕಾಂಟ್ರಾಸ್ಟ್ ಕೊಟ್ಟ ಮೇಲೆ

ಬ್ಲ್ಯಾಕ್ ಬ್ಲಡ್ ಎಲ್ಲವನ್ನೂ ಗ್ಯಾಡೊಲಿನಿಯಂ (ರಕ್ತಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ) ಕೊಡುವ ಮುಂಚೆ ಮುಗಿಸಿ. ಕೊಟ್ಟ ಮೇಲೆ ರಕ್ತದ ಟಿ1 400ಕ್ಕೆ ಇಳಿದಿದೆ ಎನ್ನಿ. ಹಳೆಯ ಟಿಐ 590 ಹಾಗೇ ಬಿಟ್ಟರೆ ರಕ್ತದ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ಮರಳಿರುತ್ತದೆ. ಸೊನ್ನೆ ಈಗ 270ರಲ್ಲಿದೆ, ಅಲ್ಲಿ ಹೃದಯ ಇನ್ನೂ ಹಿಂಡುತ್ತಿರುತ್ತದೆ. 50 ಮಿ.ಸೆ. ತಪ್ಪಿಗೆ 3ರಿಂದ 4 ಶೇಕಡಾ ಇದ್ದ ದಂಡ ಈಗ 12ಕ್ಕೆ ಏರಿದೆ. ಸ್ಟರ್ ಅಂತೂ ಬೇಡವೇ ಬೇಡ: ಕಾಂಟ್ರಾಸ್ಟ್ ಹೀರಿ ಟಿ1 ಕುಗ್ಗಿದ ಅಂಗಾಂಶವನ್ನೂ ಕೊಬ್ಬೆಂದು ತಿಳಿದು ಅಳಿಸಿಬಿಡುತ್ತದೆ. ಕಾಂಟ್ರಾಸ್ಟ್ ನಂತರ ಗಡ್ಡೆ ಅಥವಾ ಪೆರಿಕಾರ್ಡಿಯಂ ನೋಡಲೇಬೇಕಿದ್ದರೆ ಟಿಐ ಇಳಿಸಿ, ಕೊಬ್ಬಿಗೆ ಸ್ಪೆಕ್ಟ್ರಲ್ ಫ್ಯಾಟ್ ಸ್ಯಾಚುರೇಷನ್ ಬಳಸಿ.

ಉಳಿದ ವಿಧಾನಗಳು

ಸ್ಲೈಸಿನ ಎರಡೂ ಕಡೆ ಸ್ಯಾಚುರೇಷನ್ ಬ್ಯಾಂಡ್ (ಅಲ್ಲಿನ ಸಿಗ್ನಲ್ ಅಳಿಸುವ ಪಟ್ಟಿ) ಹಾಕುವುದು ಹಳೆಯ ದಾರಿ. ರಕ್ತನಾಳಕ್ಕೆ ಸಾಕು, ಹೃದಯಕ್ಕೆ ಸಾಲದು. ಕತ್ತಿನ ನಾಳಗಳ ಗೋಡೆಗೆ ಚಲನೆಯನ್ನೇ ಹಿಡಿದು ಸಿಗ್ನಲ್ ಚದುರಿಸುವ ಎಂಎಸ್‌ಡಿಇ, ಡಾಂಟೆ ಪಲ್ಸ್‌ಗಳಿವೆ. ಅವುಗಳಿಗೆ ಟಿಐ ಕಾಯುವ ಹಂಗಿಲ್ಲ. ಆದರೆ ಬಡಿಯುವ ಸ್ನಾಯುವಿನ ಸಿಗ್ನಲ್ಲನ್ನೂ ಸೇರಿಸಿ ತಿನ್ನುವುದರಿಂದ ಹೃದಯದಲ್ಲಿ ಹುಷಾರಾಗಿ ಬಳಸಬೇಕು. ಸ್ಪೇಸ್, ಕ್ಯೂಬ್, ವಿಸ್ಟಾ ಎಂಬ ಹೆಸರಿನ 3ಡಿ ಟರ್ಬೊ ಸ್ಪಿನ್ ಎಕೊಗಳಲ್ಲಿ ಹರಿಯುವ ರಕ್ತ ತಾನಾಗಿಯೇ ಕಪ್ಪಾಗುತ್ತದೆ. ಮಹಾಪಧಮನಿಗೆ ಚೆನ್ನ. ತಲಸ್ಸೀಮಿಯಾ (ಪದೇ ಪದೇ ರಕ್ತ ಏರಿಸಬೇಕಾಗುವ ರಕ್ತದ ಕಾಯಿಲೆ) ಇರುವ ಮಕ್ಕಳ ಹೃದಯದಲ್ಲಿ ಕಬ್ಬಿಣ ಅಳೆಯುವ ಟಿ2 ಸ್ಟಾರ್ ಸೀಕ್ವೆನ್ಸ್‌ಗೂ ಡಬಲ್ ಐಆರ್ ಜೋಡಿಸಿದರೆ ನಡುಗೋಡೆಯ ಅಂಚು ಸ್ಪಷ್ಟವಾಗಿ, ಅಳತೆಗೆ ರಕ್ತ ಸೇರಿಕೊಳ್ಳುವುದು ತಪ್ಪುತ್ತದೆ. 1.5 ಟೆಸ್ಲಾದಲ್ಲಿ 20 ಮಿ.ಸೆ.ಗಿಂತ ಕಡಿಮೆ ಬಂದರೆ ಕಬ್ಬಿಣ ಸೇರಿದೆ, 10ಕ್ಕಿಂತ ಕಡಿಮೆಯಾದರೆ ಪರಿಸ್ಥಿತಿ ಗಂಭೀರ.

ತಡವಾದ ಕಾಂಟ್ರಾಸ್ಟ್ ಚಿತ್ರದಲ್ಲಿ, ಅಂದರೆ ಎಲ್‌ಜಿಇಯಲ್ಲಿ, ರಕ್ತ ಕಪ್ಪಾಗಿಸುವುದು ಈಚಿನ ಅನುಕೂಲ. ಮಾಮೂಲಿ ಎಲ್‌ಜಿಇಯಲ್ಲಿ ರಕ್ತವೂ ಬಿಳಿ, ಗಾಯದ ಕಲೆಯೂ ಬಿಳಿ. ಒಳ ಅಂಚಿನ ತೆಳು ಕಲೆ ರಕ್ತದಲ್ಲಿ ಕಲೆಸಿಹೋಗುತ್ತದೆ. ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಪಿಎಸ್‌ಐಆರ್ (ಸಿಗ್ನಲ್ಲಿನ ಧನ, ಋಣ ಚಿಹ್ನೆ ಉಳಿಸಿಕೊಳ್ಳುವ ವಿಧಾನ) ಇದ್ದರೆ ಸಾಕು. ಟಿಐ ಸ್ಕೌಟ್ (ಬೇರೆ ಬೇರೆ ಟಿಐಗಳಲ್ಲಿ ಚಿತ್ರ ತೋರಿಸುವ ಚಿಕ್ಕ ಸ್ಕ್ಯಾನ್) ಓಡಿಸಿ, ಸ್ನಾಯು ಕಪ್ಪಾಗುವ ಟಿಐ ಬದಲು ರಕ್ತ ಕಪ್ಪಾಗುವ ಟಿಐ ಆರಿಸಿ. ರಕ್ತದ ಟಿ1 350, ಸ್ನಾಯುವಿನದು 450 ಇದ್ದಾಗ ಸ್ನಾಯುವಿಗೆ 300, ರಕ್ತಕ್ಕೆ 240. ಚಿತ್ರದಲ್ಲಿ ರಕ್ತ ಗಾಢ ಬೂದು, ಸ್ನಾಯು ಅದಕ್ಕಿಂತ ಕಪ್ಪು, ಕಲೆ ಬಿಳಿ. ನಿಮಿಷ ಕಳೆದಂತೆ ಟಿಐ ಮೇಲೇರುತ್ತಾ ಹೋಗುತ್ತದೆ, ನಡುವೆ ಮತ್ತೊಮ್ಮೆ ಸ್ಕೌಟ್ ಮಾಡಿ.

ಈ ಟಿಐನಲ್ಲಿ ಸ್ನಾಯುವಿನ ಸಿಗ್ನಲ್ ಇನ್ನೂ ಋಣಾತ್ಮಕ. ಪಿಎಸ್‌ಐಆರ್ ಅದನ್ನು ಹಾಗೆಯೇ ಕಪ್ಪಾಗಿ ತೋರಿಸುತ್ತದೆ. ಅದರ ಜೊತೆಗೇ ಬರುವ ಮ್ಯಾಗ್ನಿಟ್ಯೂಡ್ ಚಿತ್ರ ಚಿಹ್ನೆ ಕಿತ್ತುಹಾಕುವುದರಿಂದ ಆರೋಗ್ಯವಂತ ಸ್ನಾಯುವೇ ಬೆಳ್ಳಗಾಗಿ ಕಲೆಯಂತೆ ಕಾಣುತ್ತದೆ. ರಿಪೋರ್ಟ್ ಬರೆಯುವವರು ಬೆಂಗಳೂರಿನಲ್ಲಿ ಕೂತು ಪ್ಯಾಕ್ಸ್‌ನಲ್ಲಿ (ಚಿತ್ರಗಳನ್ನು ದೂರದಿಂದ ತೆರೆದು ನೋಡುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ) ನೋಡುವುದಾದರೆ ಈ ಸರಣಿಯ ಹೆಸರಿನಲ್ಲೇ "ಡಾರ್ಕ್ ಬ್ಲಡ್, ಪಿಎಸ್‌ಐಆರ್ ಮಾತ್ರ ನೋಡಿ" ಎಂದು ಬರೆದು, ಮಾಮೂಲಿ ಟಿಐನ ಎರಡು ಮೂರು ಸ್ಲೈಸ್‌ಗಳನ್ನೂ ಸೇರಿಸಿ ಕಳಿಸಿ.